ಫ್ರೆಂಚ್ ಇಂಜಿನಿಯರನ ಎರಡು ಕಲ್ಲುಗಳು

ನನ್ನ ಗಂಡನನ್ನು ಲೆಕ್ಕಕ್ಕೆ ಸೇರಿಸದಿದ್ದರೆ, ನಾನು ಈವರೆಗೆ ಅತಿ ಹೆಚ್ಚು ಬೈದಿರುವ ಗಂಡಸು ಒಬ್ಬ ಫ್ರೆಂಚ್ ಗಣಿ ಇಂಜಿನಿಯರ್. ನಾನು ಹುಟ್ಟುವ ಎಷ್ಟೋ ಮೊದಲೇ ಅವನು ಸತ್ತುಹೋಗಿದ್ದಾನೆ. ಅವನ ಮುಖ ನಾನು ನೋಡಿಲ್ಲ, ಅವನ ಭಾಷೆ ನನಗೆ ಬಾರದು. ಅವನು ಬರೆದ ಒಂದು ನಕ್ಷೆ ಮತ್ತು ಒಂದು ದಪ್ಪ ನೋಟ್‌ಬುಕ್ಕು, ನಮ್ಮಿಬ್ಬರ ಪರಿಚಯ ಇಷ್ಟೇ. ಆದರೂ ಹೋದ ವರ್ಷ ಎಲೆ ಉದುರುವ ಕಾಲದಲ್ಲಿ ಒಂದೆರಡು ವಾರ ಅವನನ್ನು ಬಸ್ಸಿನಲ್ಲಿ ಬೈದಿದ್ದೇನೆ, ಸಾರಿಗೆ ಒಗ್ಗರಣೆ ಹಾಕುತ್ತಾ ಬೈದಿದ್ದೇನೆ, ಸ್ನಾನ ಮಾಡುವಾಗಲೂ ಬಿಟ್ಟಿಲ್ಲ.

ಯಾಕೆಂದು ಹೇಳಬೇಕಾದರೆ ನನ್ನ ಕೆಲಸ ಏನೆಂದು ಮೊದಲು ಹೇಳಬೇಕು. ನಾವಿರುವುದು ಐರ್ಲೆಂಡಿನ ನೇಸ್ ಎಂಬ ಊರಿನಲ್ಲಿ, ನನ್ನ ಆಫೀಸು ಹತ್ತಿರದ ಸಿಟಿವೆಸ್ಟ್‌ನಲ್ಲಿ. ಸುತ್ತಲಿನ ಗಾಜಿನ ಕಟ್ಟಡಗಳಲ್ಲಿ ಬೆಂಗಳೂರು, ಮೈಸೂರಿನವರೆಲ್ಲ ಸಾಫ್ಟ್‌ವೇರ್ ಮಾಡುತ್ತಾರೆ. ಹಬ್ಬದ ದಿನ ಹಾಲ್‌ನಲ್ಲಿ ಕನ್ನಡದವರೆಲ್ಲ ಸೇರಿದಾಗ ಯಾರಾದರೂ ಹೊಸಬರು ‘ನಿಮ್ದು ಯಾವ ಟೆಕ್ನಾಲಜಿ?’ ಎಂದು ಕೇಳಿದರೆ ನಾನು ‘ತೂತು’ ಎನ್ನುತ್ತೇನೆ. ಅವರು ಪಾಪ ನಕ್ಕು ಪಕ್ಕಕ್ಕೆ ಸರಿಯುತ್ತಾರೆ. ನಿಜವಾಗಿಯೂ ನನ್ನ ಕೆಲಸ ತೂತು ಹುಡುಕುವುದೇ. ಐರ್ಲೆಂಡಿನಲ್ಲಿ ಸೀಸ, ತಾಮ್ರ ಎಂದು ಹಿಂದಿನವರು ಎಲ್ಲೆಲ್ಲೋ ಅಗೆದು ಬಿಟ್ಟುಹೋದ ಗಣಿಗಳಿವೆ. ಅಂಥ ಜಾಗದಲ್ಲಿ ಮನೆ ಕಟ್ಟುವ ಮುಂಚೆ ನೆಲದಡಿ ಏನಿದೆ, ಎಲ್ಲಿದೆ ಎಂದು ಹಳೆಯ ನಕ್ಷೆಗಳನ್ನು ಓದಿ ಹೇಳಬೇಕು. ಮುಖ್ಯವಾಗಿ ಶಾಫ್ಟ್ ಎಲ್ಲಿದೆ ಎಂದು ಹೇಳಬೇಕು. ಶಾಫ್ಟ್ ಎಂದರೆ ನೆಲದೊಳಕ್ಕೆ ನೇರ ಇಳಿಯುವ ಗಣಿಬಾವಿ. ಗಣಿ ಮುಚ್ಚುವಾಗ ಅದರ ಬಾಯಿಗೆ ಮರದ ಹಲಗೆ ಹಾಸಿ, ಮೇಲೆ ಮಣ್ಣು ಎಳೆದು ಹೋಗುವುದು ಆ ಕಾಲದ ರೂಢಿ. ಹಲಗೆ ಎಷ್ಟು ವರ್ಷಕ್ಕೆ ಕೊಳೆಯುತ್ತದೋ ಯಾರಿಗೂ ಗೊತ್ತಿಲ್ಲ. ಕೊಳೆತ ದಿನ ನೆಲ ಬಾಯಿ ಬಿಡುತ್ತದೆ.

ನಕ್ಷೆ ಓದುವುದನ್ನು ನಾನು ಕಲಿತದ್ದು ಕಾಲೇಜಿನಲ್ಲಲ್ಲ, ಕೆ.ಜಿ.ಎಫ್‌ನಲ್ಲಿ. ನಮ್ಮಪ್ಪ ಚಿನ್ನದ ಗಣಿಯ ಸರ್ವೆ ಆಫೀಸಿನಲ್ಲಿದ್ದರು. ಹೆಣ್ಣುಮಕ್ಕಳು ಗಣಿಯೊಳಗೆ ಇಳಿದು ಕೆಲಸ ಮಾಡುವುದಕ್ಕೆ ಆಗ ಕಾನೂನೇ ಅಡ್ಡ. ಇಳಿಯುವ ಆಸೆ ನನಗಿತ್ತು, ಬಹಳ ಇತ್ತು. ಅದಾಗದ್ದಕ್ಕೆ ಅಪ್ಪನ ಮೇಜಿನ ಮೇಲಿನ ನಕ್ಷೆಗಳಲ್ಲೇ ಬೆರಳಿಟ್ಟು ಇಳಿಯುತ್ತಿದ್ದೆ. ಅಪ್ಪ ಒಂದು ಹಿತ್ತಾಳೆಯ ದಿಕ್ಸೂಚಿಯನ್ನು ಅಂಗೈ ಮೇಲಿಟ್ಟು, ಮುಳ್ಳು ನಿಲ್ಲುವವರೆಗೆ ಉಸಿರು ಬಿಗಿಹಿಡಿಯಲು ಹೇಳುತ್ತಿದ್ದರು. ಮುಳ್ಳು ನಿಂತ ಮೇಲೆ, ‘ನೋಡಮ್ಮ, ನಮ್ಮೂರಲ್ಲಿ ಇದು ಮೋಸ ಮಾಡಲ್ಲ’ ಎನ್ನುತ್ತಿದ್ದರು.

ಅದು ಅಭಿಮಾನದ ಮಾತೆಂದು ನಾನು ತಿಳಿದಿದ್ದೆ. ಅದು ಲೆಕ್ಕದ ಮಾತು. ದಿಕ್ಸೂಚಿಯ ಮುಳ್ಳು ಎಲ್ಲ ಕಡೆಯೂ ನೆಟ್ಟಗೆ ಧ್ರುವದ ಕಡೆಗೆ ನೋಡುವುದಿಲ್ಲ. ಕೆಲವು ದೇಶಗಳಲ್ಲಿ ಸಾಕಷ್ಟು ಓರೆಯಾಗಿ ನಿಲ್ಲುತ್ತದೆ. ಆ ಓರೆಯೂ ಕಾಲ ಕಳೆದಂತೆ ಬದಲಾಗುತ್ತದೆ. ನಮ್ಮ ಕೋಲಾರದ ಕಡೆ ಅದು ಲೆಕ್ಕಕ್ಕೆ ಬಾರದಷ್ಟು ಕಡಿಮೆ, ಹಿಂದೆಯೂ ಅಷ್ಟೇ. ಈ ಪಾಠವನ್ನು ನಾನು ಆಮೇಲೆ ಓದಿದೆ, ಪರೀಕ್ಷೆಯಲ್ಲಿ ಬರೆದು ಅಂಕವನ್ನೂ ತೆಗೆದುಕೊಂಡೆ. ಆದರೆ ಕೈಗೆ ಹತ್ತಿದ್ದು ಅಪ್ಪನ ಅಂಗೈ ಮೇಲಿನ ದಿಕ್ಸೂಚಿಯೇ. ನಕ್ಷೆಯ ಮೇಲೆ ಬಾಣ ಕಂಡರೆ ಅದು ನೆಟ್ಟಗಿದೆ ಎಂದೇ ನನ್ನ ಕೈ ನಂಬುತ್ತದೆ. ಐರ್ಲೆಂಡಿನಲ್ಲಿ ಈಗ ಮುಳ್ಳಿನ ಓರೆ ತೀರಾ ಕಡಿಮೆಯಾದ್ದರಿಂದ ಇಲ್ಲಿಗೆ ಬಂದ ಮೇಲೂ ಈ ಚಾಳಿ ನನ್ನನ್ನು ಎಲ್ಲೂ ಎಡವಿಸಿರಲಿಲ್ಲ.

ವಿಕ್ಲೋ ಬೆಟ್ಟಗಳ ಬುಡದಲ್ಲಿ ಒಂದು ಹಳ್ಳಿ ಇದೆ, ಹೆಸರು ಬೇಡ. ಅಲ್ಲಿನ ಒಂದು ಹೊಲದಲ್ಲಿ ನೂರೈವತ್ತು ವರ್ಷಕ್ಕೂ ಹಿಂದೆ ಸೀಸದ ಗಣಿ ಇತ್ತು. ಈಗ ಉಳಿದಿರುವುದು ಪಂಪ್ ಮನೆಯ ಕಲ್ಲಿನ ಚಿಮಣಿ ಮಾತ್ರ. ಅದರ ತುದಿಯಲ್ಲಿ ಕಾಗೆಗಳ ಸಂಸಾರ. ಅಲ್ಲಿ ಮನೆಗಳು ಬರುವುದಿದ್ದವು. ಆ ಗಣಿಯ ನಕ್ಷೆ ಬರೆದವನೇ ನನ್ನ ಫ್ರೆಂಚ್ ಇಂಜಿನಿಯರ್. ಬಹಳ ಅಂದವಾದ ನಕ್ಷೆ. ಚಿಮಣಿ ಇದೆ, ಶಾಫ್ಟ್ ಇದೆ, ಎರಡರ ನಡುವಿನ ದೂರ ಇದೆ, ಮೂಲೆಯಲ್ಲಿ ದಿಕ್ಕು ತೋರಿಸುವ ಬಾಣ ಇದೆ. ಅಂಚಿನಲ್ಲಿ ಎರಡು ಚುಕ್ಕಿಗಳೂ ಅವನ್ನು ಸೇರಿಸುವ ಕೂದಲೆಳೆಯಂಥ ಒಂದು ಗೆರೆಯೂ ಇದ್ದವು. ಪೆನ್ನು ಒರೆಸಿದ ಗುರುತು ಎಂದುಕೊಂಡು ಬಿಟ್ಟೆ. ನಕ್ಷೆಯಲ್ಲಿದ್ದ ದಾರಿಗಳೆಲ್ಲ ಅಳಿಸಿಹೋಗಿದ್ದವು. ಹಾಗಾಗಿ ಚಿಮಣಿಯೊಂದನ್ನೇ ಹಿಡಿದು, ಬಾಣವನ್ನು ನಂಬಿ ನಕ್ಷೆಯನ್ನು ನೆಲದ ಮೇಲೆ ಕೂರಿಸಿದೆ. ಶಾಫ್ಟು ಹೊಲದ ಒಂದು ಮೂಲೆಗೆ ಬಂತು. ಅಲ್ಲಿ ಕೊರೆದಾಗ ಸಡಿಲವಾದ ಕಲ್ಲುಪುಡಿ ಸಿಕ್ಕಿತು, ಇದೇ ಎಂದೆವು. ಹಳೆಯ ಗಣಿಯ ಹೊಲದಲ್ಲಿ ಎಲ್ಲಿ ಕೊರೆದರೂ ಕಲ್ಲುಪುಡಿ ಸಿಗುತ್ತದೆ ಎಂಬುದು ಗೊತ್ತಿದ್ದೂ ಇನ್ನಷ್ಟು ಆಳಕ್ಕೆ ಹೋಗಲಿಲ್ಲ. ಬೇಕಾದದ್ದು ಬೇಕಾದ ಕಡೆ ಸಿಕ್ಕಾಗ ಯಾರಿಗೂ ಮತ್ತೊಮ್ಮೆ ಕೇಳುವ ಮನಸ್ಸಿರುವುದಿಲ್ಲ. ಆ ಮೂಲೆಗೆ ಬೇಲಿ ಹಾಕಿಸಿ, ಹುಲ್ಲುಗಾವಲಾಗಿ ಬಿಡಬೇಕೆಂದು ವರದಿ ಬರೆದೆ. ಉಳಿದ ಕಡೆ ಮನೆಗಳು ಎದ್ದವು.

ಆ ಮನೆಗಳಲ್ಲಿ ಒಂದನ್ನು ಕೊಂಡವಳು ನನ್ನ ಸ್ನೇಹಿತೆ. ಮೈಸೂರಿನವಳು, ನನಗಿಂತ ಹನ್ನೆರಡು ವರ್ಷ ಚಿಕ್ಕವಳು, ಗಂಡ ಹೆಂಡತಿ ಇಬ್ಬರೂ ಸಿಟಿವೆಸ್ಟ್‌ನಲ್ಲೇ ಕೆಲಸ. ಐದು ವರ್ಷದ ಒಬ್ಬಳೇ ಮಗಳು. ನಾವು ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಆ ಮಗು ಇಲ್ಲಿನ ರಾಗದಲ್ಲಿ ಇಂಗ್ಲಿಷಿನಲ್ಲೇ ಜವಾಬು ಕೊಡುತ್ತದೆ. ಮನೆ ಕೊಳ್ಳುವ ಮುಂಚೆ ನನ್ನ ಸ್ನೇಹಿತೆ ಫೋನ್ ಮಾಡಿದ್ದಳು.

‘ಅಕ್ಕಾ, ಆ ಜಾಗದ ರಿಪೋರ್ಟ್ ನೀವೇ ಅಲ್ವಾ ಮಾಡಿದ್ದು? ಹಳೇ ಮೈನ್ ಅಂತೆ. ತಗೋಬಹುದಾ?’

‘ಕಣ್ಣು ಮುಚ್ಕೊಂಡು ತಗೋ’ ಎಂದೆ. ಎಷ್ಟು ಜಂಬದಿಂದ ಎಂದೆ ಎಂಬುದು ಈಗಲೂ ಕಿವಿಯಲ್ಲಿದೆ.

ಅವರು ಆ ಮನೆಗೆ ಹೋಗಿ ಆರು ತಿಂಗಳಾಗಿತ್ತು. ನಮ್ಮ ಆಫೀಸಿನ ಹಿರಿಯ ಐರಿಷ್ ಸಹೋದ್ಯೋಗಿ ನಿವೃತ್ತಿಯ ಮುಂಚೆ ಹಳೆಯ ಫೈಲುಗಳನ್ನು ಜೋಡಿಸುತ್ತಿದ್ದ. ಚಹಾದ ಮಗ್ಗನ್ನು ಒಂದು ಕೈಯಲ್ಲಿ, ನನ್ನ ನಕ್ಷೆಯನ್ನು ಇನ್ನೊಂದು ಕೈಯಲ್ಲಿ ಹಿಡಿದು ಬಂದು, ಬಹಳ ಮೆತ್ತಗೆ ಕೇಳಿದ: ಈ ಬಾಣವನ್ನು ಅವನು ದಿಕ್ಸೂಚಿಯ ಮುಳ್ಳಿಗೆ ಎಳೆದನೋ, ಧ್ರುವ ನಕ್ಷತ್ರಕ್ಕೆ ಎಳೆದನೋ?

ಪ್ರಶ್ನೆ ಮುಗಿಯುವುದರೊಳಗೆ ನಕ್ಷೆಯನ್ನು ಅವನ ಕೈಯಿಂದ ಕಿತ್ತುಕೊಂಡೆ. ಆ ಫ್ರೆಂಚನ ಕಾಲದಲ್ಲಿ ಐರ್ಲೆಂಡಿನಲ್ಲಿ ಮುಳ್ಳು ಪಶ್ಚಿಮಕ್ಕೆ ಇಪ್ಪತ್ತು ಡಿಗ್ರಿಗೂ ಮೀರಿ ವಾಲಿ ನಿಲ್ಲುತ್ತಿತ್ತು. ಆಗಿನ ಗಣಿ ನಕ್ಷೆಗಳಲ್ಲಿ ಹೆಚ್ಚಿನವನ್ನು ಮುಳ್ಳು ತೋರಿದಂತೆಯೇ ಬರೆಯುತ್ತಿದ್ದರು. ಇದೂ ಹಾಗೇ ಇದ್ದರೆ, ನಕ್ಷೆಯನ್ನು ಚಿಮಣಿಯ ಸುತ್ತ ಅಷ್ಟು ತಿರುಗಿಸಿ ಇಡಬೇಕಿತ್ತು. ನಾನು ಇಡಲಿಲ್ಲ. ನಾನು ಕೋಲಾರದವಳ ಹಾಗೆ ಇಟ್ಟಿದ್ದೆ.

ಕಂಪ್ಯೂಟರಿನಲ್ಲಿ ತಿರುಗಿಸಿ ನೋಡಿದೆ. ಶಾಫ್ಟು ಬೇಲಿ ಹಾಕಿದ ಮೂಲೆಯನ್ನು ಬಿಟ್ಟು ಜರುಗಿತು, ರಸ್ತೆ ದಾಟಿತು, ಮನೆಗಳ ಒಂದು ಸಾಲಿನ ಹಿತ್ತಲಿಗೆ ಹೋಗಿ ನಿಂತಿತು. ಯಾವ ಮನೆಯ ಹಿತ್ತಲು ಎಂದು ನಂಬರ್ ನೋಡಬೇಕಾಗಿರಲಿಲ್ಲ. ಮೇಲಿನಿಂದ ತೆಗೆದ ಚಿತ್ರದಲ್ಲಿ ಆ ಹಿತ್ತಲಿನ ನಡುವೆ ಒಂದು ನೀಲಿ ಚಕ್ರ ಕಾಣುತ್ತಿತ್ತು. ಅದು ಟ್ರ್ಯಾಂಪೊಲಿನ್. ಮಗುವಿನ ಹುಟ್ಟುಹಬ್ಬಕ್ಕೆ ನಾನೇ ಕೊಡಿಸಿದ್ದು.

‘ಸೋಮವಾರ ಎಲ್ಲ ಮನೆಯವರಿಗೂ ತಿಳಿಸೋಣ. ಕೊರೆದು ನೋಡೋಣ. ಗ್ರ್ಯಾಂಡ್ ಆಗಿರುತ್ತೆ’ ಎಂದ ಸಹೋದ್ಯೋಗಿ. ಈ ದೇಶದಲ್ಲಿ ಛಾವಣಿ ಹಾರಿಹೋದರೂ ಗ್ರ್ಯಾಂಡ್ ಎನ್ನುತ್ತಾರೆ. ನನಗೆ ಅವನ ಮೇಲೂ ಸಿಟ್ಟು ಬಂತು, ಅವನು ಕೇಳಿದ್ದೇ ಸರಿ ಎಂದು ಗೊತ್ತಿದ್ದರೂ.

ಸೋಮವಾರದವರೆಗೆ ಸುಮ್ಮನಿರಲು ಆಗಲಿಲ್ಲ. ಶನಿವಾರ ಬೆಳಿಗ್ಗೆಯೇ ಸ್ನೇಹಿತೆಯ ಮನೆಗೆ ಹೋದೆ. ಅಡುಗೆಮನೆಯಲ್ಲಿ ಇಡ್ಲಿ ಹಬೆಯ ವಾಸನೆ. ಅವಳ ಮನೆಗೆ ಎಷ್ಟು ಹೊತ್ತಿಗೆ ಹೋದರೂ ‘ಊಟ ಮಾಡ್ಕೊಂಡೇ ಹೋಗ್ಬೇಕು ಅಕ್ಕಾ’ ಎಂದು ಬಾಗಿಲಿಗೆ ಅಡ್ಡ ನಿಲ್ಲುವವಳು ಅವಳು. ಕಿಟಕಿಯ ಆಚೆ ಮಗು ಟ್ರ್ಯಾಂಪೊಲಿನ್ ಮೇಲೆ ಹಾರುತ್ತಿತ್ತು. ಏನೂ ಪೀಠಿಕೆ ಹಾಕದೆ ನಾನೇ ಹಿತ್ತಲಿಗೆ ಹೋಗಿ, ಮಗುವನ್ನು ಎತ್ತಿ ಒಳಗೆ ತಂದು ಕೂರಿಸಿದೆ. ಅದು ಚೀರಾಡಿತು.

‘ಏನಾಯ್ತು ಅಕ್ಕಾ?’

ಹೇಳಿದೆ. ಬಾಣದ ವಿಷಯ, ಮುಳ್ಳಿನ ವಿಷಯ, ನನ್ನ ಚಾಳಿಯ ವಿಷಯ, ಎಲ್ಲ. ಹಿತ್ತಲಿನ ಕೆಳಗೆ ಶಾಫ್ಟ್ ಇರಬಹುದು, ಇಲ್ಲದೆಯೂ ಇರಬಹುದು, ಕೊರೆಯುವವರೆಗೆ ಗೊತ್ತಾಗುವುದಿಲ್ಲ ಎಂದೆ.

ಅವಳು ಕೇಳುತ್ತಾ ಕೇಳುತ್ತಾ ಒಲೆ ಆರಿಸಿದಳು. ‘ನೀವು ಕಣ್ಣು ಮುಚ್ಕೊಂಡು ತಗೋ ಅಂದ್ರಿ’ ಎಂದಳು.

‘ಹೌದು.’

‘ನಾವು ಮುಚ್ಕೊಂಡ್ವಿ.’

ಕೊರೆಯುವವರೆಗೆ ನಮ್ಮ ಮನೆಗೆ ಬಂದಿರಿ ಎಂದೆ. ಅವಳು ಬಾಗಿಲು ತೆಗೆದು ಹಿಡಿದಳು, ಅಷ್ಟೇ. ಹತ್ತು ವರ್ಷದ ಸ್ನೇಹದಲ್ಲಿ ಮೊದಲ ಸಲ ಅವಳ ಮನೆಯಿಂದ ಒಂದು ಲೋಟ ನೀರೂ ಕುಡಿಯದೆ ಹೊರಗೆ ಬಂದೆ. ಕಾರಿನಲ್ಲಿ ಕೂತು ಅತ್ತೆ. ನಾಚಿಕೆಯಿಂದ ಅತ್ತೆ, ಹೆದರಿಕೆಯಿಂದಲೂ ಅತ್ತೆ. ಅವರು ನೇಸ್‌ನಲ್ಲೇ ಒಂದು ಹೋಟೆಲಿಗೆ ಹೋದರೆಂದು ಬೇರೆಯವರಿಂದ ತಿಳಿಯಿತು. ನಮ್ಮ ಮನೆಯಿಂದ ನಡೆದು ಹೋಗುವಷ್ಟು ದೂರ. ನನ್ನ ಮೆಸೇಜುಗಳಿಗೆ ಓದಿದ ನೀಲಿ ಟಿಕ್ಕು ಬಂತು, ಜವಾಬು ಬರಲಿಲ್ಲ.

ಕೊರೆಯುವ ಯಂತ್ರ ಬರುವುದಕ್ಕೆ ಮೂರು ವಾರ ಎಂದರು. ಆ ಸಾಲಿನ ಹಿತ್ತಲುಗಳಿಗೆಲ್ಲ ಹಳದಿ ಪಟ್ಟಿ ಕಟ್ಟಿದರು. ಕಾಯುವುದು ನನ್ನ ಜಾಯಮಾನವಲ್ಲ. ಆ ಫ್ರೆಂಚನ ಜಾತಕ ಜಾಲಾಡುತ್ತೇನೆ ಎಂದು ಕೂತೆ. ಅವನ ಊರಿನ ಗ್ರಂಥಾಲಯಕ್ಕೆ ಅವನ ವಂಶದವರು ಯಾರೋ ಒಂದು ನೋಟ್‌ಬುಕ್ಕು ಕೊಟ್ಟಿದ್ದರು. ಕೇಳಿದ್ದಕ್ಕೆ ಸ್ಕ್ಯಾನ್ ಮಾಡಿ ಕಳಿಸಿದರು. ಇಷ್ಟಿಷ್ಟೇ ಪುಟವನ್ನು ಫೋನಿನಲ್ಲಿ ಅನುವಾದ ಮಾಡಿಕೊಂಡು, ನೇಸ್‌ನಿಂದ ಸಿಟಿವೆಸ್ಟ್‌ಗೆ ಹೋಗುವ ಬಸ್ಸಿನಲ್ಲಿ ಓದತೊಡಗಿದೆ.

ಮೊದಲ ವಾರ ಐರ್ಲೆಂಡಿನ ಪುಟಗಳನ್ನೇ ಅಲ್ಲಲ್ಲಿ ತೆರೆದು ಓದಿದೆ, ಬರೀ ಸಿಟ್ಟು. ಮನುಷ್ಯ ಬ್ರೆಡ್ಡಿನ ಬಗ್ಗೆ ಬರೆಯುತ್ತಾನೆ, ಒದ್ದೆ ಗೋಡೆಯ ಬಗ್ಗೆ ಬರೆಯುತ್ತಾನೆ, ಜೊತೆಗೆ ಮನೆ ನೋಡಿಕೊಳ್ಳಲು ಬಂದಿದ್ದ ಅಕ್ಕ ಇಲ್ಲಿನ ಬ್ರೆಡ್ಡು ತಿನ್ನಲಾರದೆ ಜಗಳವಾಡಿ ವಾಪಸ್ ಹೋದದ್ದನ್ನು ನಾಲ್ಕು ಪುಟ ಬರೆಯುತ್ತಾನೆ. ಬಾಣದ ಬಗ್ಗೆ ಒಂದಕ್ಷರ ಇಲ್ಲ. ‘ನಿನ್ನ ಬ್ರೆಡ್ಡಿಗೆ ಬೆಂಕಿ ಬೀಳ, ಬಾಣ ಎಲ್ಲೋ ಮಾರಾಯ?’ ಎಂದು ಬಸ್ಸಿನಲ್ಲಿ ಜೋರಾಗಿಯೇ ಅಂದುಬಿಟ್ಟೆ. ಪಕ್ಕದ ಮುದುಕಿ ನನ್ನತ್ತ ನೋಡಿ ಪುದೀನ ಮಿಠಾಯಿ ಕೊಟ್ಟಳು.

ಆದರೆ ಮೊದಲ ಪುಟಕ್ಕೆ ಮರಳಿ ಓದುತ್ತಾ ಓದುತ್ತಾ ಅವನು ಒಬ್ಬ ಮನುಷ್ಯನಾಗತೊಡಗಿದ. ಗಡಿಯಾರ ರಿಪೇರಿ ಮಾಡುವವನ ಮಗ. ಚುರುಕಾಗಿದ್ದನೆಂದು ಪ್ಯಾರಿಸ್ಸಿನ ಗಣಿ ಶಾಲೆಯಲ್ಲಿ ಜಾಗ ಸಿಕ್ಕಿತು. ಅಲ್ಲಿನ ವಿದ್ಯಾರ್ಥಿಗಳು ಬೇಸಿಗೆಯಲ್ಲಿ ದೇಶದೇಶದ ಗಣಿಗಳನ್ನು ನೋಡಿಕೊಂಡು ಬಂದು, ಕಂಡದ್ದನ್ನೆಲ್ಲ ಬರೆದು ಒಪ್ಪಿಸಬೇಕಿತ್ತಂತೆ. ಇವನು ಬಹುಪಾಲು ನಡೆದೇ ಹೋದ. ಗಣಿಗಿಂತ ಹೆಚ್ಚಾಗಿ ತನ್ನ ಬೂಟಿನ ಬಗ್ಗೆ ಬರೆದ. ಓದು ಮುಗಿದ ಮೇಲೆ ಸರ್ಕಾರಿ ಕೆಲಸ, ಕಲ್ಲಿದ್ದಲಿನ ಸೀಮೆಯಲ್ಲಿ ತಪಾಸಣೆ. ಒಳ್ಳೆಯ ಉದ್ಯೋಗ, ಒಳ್ಳೆಯ ಕೋಟು, ಊರಿನವರ ಸಲಾಮು.

ಆಮೇಲೆ ಒಂದು ಪುಟ. ಅದನ್ನು ನಾನು ಬಸ್ಸಿನಲ್ಲಿ ಎರಡು ಸಲ ಓದಿದೆ. ಅವನ ಉಸ್ತುವಾರಿಯ ಒಂದು ಗಣಿಯಲ್ಲಿ ಕೆಲಸಗಾರರು ಕಲ್ಲಿದ್ದಲು ಒಡೆಯುತ್ತಾ ಹೋಗುವಾಗ, ಪಕ್ಕದಲ್ಲೇ ನೀರು ತುಂಬಿ ನಿಂತಿದ್ದ ಹಳೆಯ ಸುರಂಗಕ್ಕೆ ತೂತು ಬಿತ್ತು. ಹಳೆಯ ಸುರಂಗ ನಕ್ಷೆಯಲ್ಲಿತ್ತು. ಆದರೆ ನಕ್ಷೆಯಲ್ಲಿ ಅದು ದೂರದಲ್ಲಿತ್ತು. ಅದನ್ನು ಬರೆದವನು ಮುಳ್ಳನ್ನು ನಂಬಿದ್ದ. ಹಳೆಯ ನಕ್ಷೆಯ ಮುಳ್ಳು ಬೇರೆ ಕಡೆ ನೋಡುತ್ತಿತ್ತು, ಹೊಸ ನಕ್ಷೆಯ ಮುಳ್ಳು ಬೇರೆ ಕಡೆ. ಎಷ್ಟು ಜನ ಮುಳುಗಿದರೆಂದು ಅವನು ಬರೆದಿಲ್ಲ. ಹೊಸ ನಕ್ಷೆಗೆ ಒಪ್ಪಿಗೆಯ ಸಹಿ ಹಾಕಿದವನು ತಾನೇ ಎಂದು ಮಾತ್ರ ಬರೆದಿದ್ದಾನೆ. ಮುಂದಿನ ಹಲವು ಪುಟಗಳು ಖಾಲಿ.

ನನ್ನ ಬೈಗುಳ ಅಲ್ಲಿಗೆ ನಿಂತಿತು. ಅವನೂ ಸಹಿ ಹಾಕಿದವನು. ನಾನೂ ಸಹಿ ಹಾಕಿದವಳು.

ಸರ್ಕಾರಿ ಕೆಲಸ ಬಿಟ್ಟು ಅವನು ಐರ್ಲೆಂಡಿಗೆ ಬಂದ. ಒದ್ದೆ ಗೋಡೆ, ಬ್ರೆಡ್ಡು, ಅಕ್ಕನ ಜಗಳ ಎಲ್ಲ ಆಗಿನವು. ಅವನ್ನೆಲ್ಲ ದಾಟಿ ಎರಡನೆಯ ವಾರದ ಕೊನೆಗೆ ನನಗೆ ಬೇಕಾದ ಪುಟ ಸಿಕ್ಕಿತು. ಗಣಿಗೆ ಬಂದ ಮೊದಲ ವರ್ಷವೇ ಅವನು ಹೊಳೆಯಾಚೆಯ ಹೊಲದಲ್ಲಿ ಎರಡು ಕಲ್ಲು ನೆಡಿಸಲು ಹೊರಟಿದ್ದಾನೆ. ಧ್ರುವ ನಕ್ಷತ್ರವನ್ನು ನೋಡಿ, ಒಂದು ಕಲ್ಲಿನಿಂದ ಇನ್ನೊಂದಕ್ಕೆ ಎಳೆದ ಗೆರೆ ನೇರ ಉತ್ತರ ದಿಕ್ಕಿಗೆ ಇರುವಂತೆ ನೆಡಬೇಕು. ನಕ್ಷತ್ರ ನೋಡಬೇಕಲ್ಲ, ಐರ್ಲೆಂಡಿನಲ್ಲಿ! ಮೋಡ ಸರಿಯಲೆಂದು ಅವನು ವಾರಗಟ್ಟಲೆ ಕಾದಿದ್ದಾನೆ. ನೆಗಡಿ ಹಿಡಿಸಿಕೊಂಡಿದ್ದಾನೆ. ಹುಚ್ಚ ಎಂದು ಗಣಿಯ ಮೇಸ್ತ್ರಿಗಳು ನಕ್ಕಿದ್ದಾರೆ. ಕೊನೆಗೆ ನೆಟ್ಟು, ಎರಡರ ನೆತ್ತಿಯ ಮೇಲೂ ಕೂಡಿಸುವ ಗುರುತು ಕೆತ್ತಿಸಿ, ಪ್ರತಿ ತಿಂಗಳೂ ದಿಕ್ಸೂಚಿಯನ್ನು ಅಲ್ಲಿಗೆ ಒಯ್ದು, ಮುಳ್ಳು ಎಷ್ಟು ಓರೆ ಎಂದು ನೋಡಿ, ಅಷ್ಟನ್ನು ಪ್ರತಿ ಅಳತೆಯಲ್ಲೂ ಕಳೆದಿದ್ದಾನೆ.

ನಕ್ಷೆಯ ಅಂಚಿನ ಎರಡು ಚುಕ್ಕಿ! ಬಸ್ಸು ಇಳಿದವಳೇ ಆಫೀಸಿಗೆ ಓಡಿದೆ. ಓಡಿದೆ ಎಂದರೆ ನಿಜವಾಗಿ ಓಡಿದೆ, ನಲವತ್ತೆಂಟು ವರ್ಷದ ಮಂಡಿಗಳಲ್ಲಿ.

ಸಹೋದ್ಯೋಗಿಗೆ ತೋರಿಸಿದೆ. ಅವನು ಕನ್ನಡಕ ಮೇಲೆತ್ತಿ ಚುಕ್ಕಿಗಳನ್ನು ನೋಡಿ, ‘ಪುಸ್ತಕದಲ್ಲಿ ಬರೆದದ್ದು ಸಾಲದು. ಕಲ್ಲು ಸಿಕ್ಕರೆ ಮಾತು ಬೇರೆ’ ಎಂದ. ಅವನು ಹೇಳಿದ್ದು ಸರಿ. ಆ ಫ್ರೆಂಚ ಮುಳ್ಳಿನ ಓರೆಯನ್ನು ಈ ನಕ್ಷೆಯಲ್ಲೂ ಕಳೆದೇ ಬರೆದಿದ್ದಾನೆ ಎಂದು ನಂಬುವುದು ಹೇಗೆ? ನಂಬಿಯೇ ಅಲ್ಲವೇ ಇಷ್ಟೆಲ್ಲ ಆದದ್ದು. ಕಲ್ಲುಗಳು ನೆಲದ ಮೇಲೆ ಸಿಕ್ಕರೆ, ಚಿಮಣಿಯ ಜೊತೆಗೆ ಅವನ್ನೂ ಹಿಡಿದು ನಕ್ಷೆಯನ್ನು ಕೂರಿಸಬಹುದು. ಆಗ ಬಾಣದ ಹಂಗೇ ಬೇಡ.

ಮರುದಿನ ಬೆಳಿಗ್ಗೆ ಇಬ್ಬರೂ ಹೋದೆವು. ಹೊಳೆಯಾಚೆಯ ಹೊಲ ಒಬ್ಬ ವಯಸ್ಸಾದ ಹೆಂಗಸಿನದು. ರಬ್ಬರ್ ಬೂಟು ಹಾಕಿಕೊಂಡು, ಎರಡು ನಾಯಿಗಳ ಜೊತೆ ಗೇಟಿಗೆ ಬಂದಳು. ಫ್ರೆಂಚ್ ಇಂಜಿನಿಯರ್ ನೆಟ್ಟ ಕಲ್ಲು ಎಂದಾಗ ತಲೆಯಾಡಿಸಿ ಇಲ್ಲವೆಂದಳು. ಅಂಥದ್ದೇನೂ ತನ್ನ ಹೊಲದಲ್ಲಿಲ್ಲ.

‘ಎದೆಮಟ್ಟದ ಕಲ್ಲು, ಒಂಟಿಯಾಗಿ ನಿಂತಿರೋದು’ ಎಂದೆ.

‘ಓ, ದನ ಮೈ ತುರಿಸಿಕೊಳ್ಳೋ ಕಲ್ಲಾ? ಅದು ಇದೆಯಲ್ಲ!’ ಎಂದು ಅವಳು ನಕ್ಕಳು. ತನ್ನ ಅಜ್ಜನ ಕಾಲದಿಂದಲೂ ದನಗಳು ಅದಕ್ಕೇ ಬೆನ್ನು ಉಜ್ಜುತ್ತವೆ, ಅದಕ್ಕೇ ಯಾರೂ ಕೀಳಿಸಲಿಲ್ಲ ಎಂದಳು.

ಹೊಲದ ನಡುವೆ ನಿಂತಿತ್ತು. ದನದ ಮೈಗೆ ಉಜ್ಜಿ ಉಜ್ಜಿ ನಾಲ್ಕೂ ಬದಿ ನಮ್ಮ ಮನೆಯ ಒರಳಿನ ಹಾಗೆ ನುಣುಪಾಗಿತ್ತು. ನೆತ್ತಿಯ ಮೇಲೆ ದಪ್ಪ ಪಾಚಿ. ಉಗುರಿನಿಂದ ಕೆರೆದೆ. ಬೆರಳಿನ ತುದಿಗೆ ಮೊದಲು ಒಂದು ಗೀರು ಸಿಕ್ಕಿತು, ಆಮೇಲೆ ಅದಕ್ಕೆ ಅಡ್ಡ ಇನ್ನೊಂದು. ಕೂಡಿಸುವ ಗುರುತು. ನಾನು ಆ ಕಲ್ಲನ್ನು ತಬ್ಬಿಕೊಂಡೆ. ಸಗಣಿ ಇತ್ತು, ಇರಲಿ.

ಎರಡನೆಯದಕ್ಕೆ ಇಡೀ ಮಧ್ಯಾಹ್ನ ಹಿಡಿಯಿತು. ಬೇಲಿಯ ಮುಳ್ಳುಕಂಟಿಯೊಳಗೆ ಹೂತಿತ್ತು. ಮುಕ್ಕಾಗಿತ್ತು, ಆದರೆ ಅಲುಗಾಡಿರಲಿಲ್ಲ. ನೆತ್ತಿಯ ಗುರುತು ಅರ್ಧ ಉಳಿದಿತ್ತು. ಸಹೋದ್ಯೋಗಿ ಎರಡರ ಮೇಲೂ ಅಳತೆಯ ಯಂತ್ರ ಇಟ್ಟು, ಪರದೆ ನೋಡಿ, ನನ್ನ ಕಡೆಗೆ ತಿರುಗಿಸಿದ. ಗೆರೆ ನೇರ ಉತ್ತರ ದಿಕ್ಕಿಗಿತ್ತು. ಒಬ್ಬ ಮನುಷ್ಯ ನೆಗಡಿಯಲ್ಲಿ ಸೀನುತ್ತಾ ಮೋಡದ ಸಂದಿಯಲ್ಲಿ ನಕ್ಷತ್ರ ನೋಡಿ ನೆಟ್ಟ ಕಲ್ಲುಗಳು ಒಂದು ಕೂದಲಿನಷ್ಟೂ ತಪ್ಪಿರಲಿಲ್ಲ. ಚಿಮಣಿ, ಎರಡು ಕಲ್ಲು, ಮೂರನ್ನೂ ಹಿಡಿದು ನಕ್ಷೆಯನ್ನು ಕೂರಿಸಿದೆವು. ನಕ್ಷೆ ತಿರುಗಲಿಲ್ಲ. ಶಾಫ್ಟು ಬೇಲಿ ಹಾಕಿದ ಮೂಲೆಯಲ್ಲೇ ಇತ್ತು, ನಾನು ಮೊದಲು ಹೇಳಿದ ಜಾಗದಲ್ಲೇ.

‘ನೋಡು, ನೀನು ಹೇಳಿದ್ದೇ ಸರಿ!’ ಎಂದ ಅವನು.

ನಾನು ಹೇಳಿದ್ದು ಸರಿಯಾಗಿತ್ತು, ನಾನು ಮಾಡಿದ್ದು ಸರಿಯಾಗಿರಲಿಲ್ಲ. ನನ್ನ ಸೋಮಾರಿತನವನ್ನು ಆ ಫ್ರೆಂಚನ ಶ್ರಮ ನೂರೈವತ್ತು ವರ್ಷ ಮೊದಲೇ ತುಂಬಿಕೊಟ್ಟಿತ್ತು. ಇದನ್ನೆಲ್ಲ ಆಮೇಲೆ ಯೋಚಿಸಿದೆ. ಆ ಕ್ಷಣ ಮಾತ್ರ ಹೊಲದಲ್ಲಿ ಕುಕ್ಕರಗಾಲಿನಲ್ಲಿ ಕೂತು ಉಸಿರು ಬಿಟ್ಟೆ. ಎರಡು ವಾರದಿಂದ ಒಳಗೆ ಬಿಗಿಹಿಡಿದಿದ್ದ ಉಸಿರು. ನಾಯಿಗಳು ಬಂದು ಮುಖ ನೆಕ್ಕಿದವು.

ಆದರೂ ಕೊರೆಸಿದೆವು. ಈ ಸಲ ಮೂಲೆಯಲ್ಲಿ ಆಳಕ್ಕೆ, ಓರೆಯಾಗಿ. ಕಲ್ಲುಪುಡಿ ದಾಟಿ ಇನ್ನೂ ಕೆಳಗೆ ಹೋದಾಗ ಯಂತ್ರದ ಸದ್ದು ಬದಲಾಯಿತು, ಕೊರೆಯುವ ಸಲಾಕೆ ಸರಕ್ಕನೆ ಟೊಳ್ಳಿಗೆ ಇಳಿಯಿತು. ಸಿಕ್ಕಿತು. ಹಿತ್ತಲುಗಳಲ್ಲೂ ಒಂದೊಂದಾಗಿ ಕೊರೆದರು. ಎಲ್ಲ ಕಡೆಯೂ ಬಂಡೆ, ಗಟ್ಟಿ ಬಂಡೆ. ಹಳದಿ ಪಟ್ಟಿ ಬಿಚ್ಚಿದರು. ಮೂಲೆಯ ಬಾವಿಯನ್ನು ಈಗ ಕಾಂಕ್ರೀಟಿನಿಂದ ಮುಚ್ಚಿದ್ದಾರೆ. ಹೊಸ ವರದಿಯಲ್ಲಿ ನಾನು ಮೊದಲ ಪುಟದಲ್ಲೇ ನನ್ನ ತಪ್ಪನ್ನು ಬರೆದೆ, ಕಲ್ಲುಗಳ ಫೋಟೋ ಹಾಕಿದೆ.

ಸ್ನೇಹಿತೆಗೆ ಆಫೀಸಿನಿಂದ ಪತ್ರ ಹೋಗಿತ್ತು. ನಾನೂ ಫೋನ್ ಮಾಡಿದೆ. ಈ ಸಲ ಎತ್ತಿದಳು.

‘ಮನೆ ಗಟ್ಟಿಯಾಗಿದೆ ಕಣೇ. ಏನೂ ಇಲ್ಲ ಕೆಳಗೆ.’

‘ಮೊದಲೂ ಹೀಗೇ ಹೇಳಿದ್ರಿ ಅಕ್ಕಾ.’ ಸಿಟ್ಟಿನಲ್ಲಿ ಹೇಳಲಿಲ್ಲ, ಸುಸ್ತಾಗಿ ಹೇಳಿದಳು. ‘ಈಗ ಹೇಗೆ ನಂಬ್ಲಿ?’

‘ನಂಬಬೇಡ. ಬಾ, ತೋರಿಸ್ತೀನಿ.’

ಶನಿವಾರ ಮೂವರನ್ನೂ ಹೊಲಕ್ಕೆ ಕರೆದುಕೊಂಡು ಹೋದೆ. ಅವಳ ಗಂಡ ಅಳತೆಯ ಪರದೆಯನ್ನೇ ನೋಡಿದ, ಸಾಫ್ಟ್‌ವೇರಿನವನಲ್ಲವೇ. ಅವಳು ಪರದೆ ನೋಡಲಿಲ್ಲ. ಕಲ್ಲಿನ ನೆತ್ತಿಯ ಗುರುತಿನ ಮೇಲೆ ಬೆರಳಾಡಿಸಿದಳು, ಅಲ್ಲಿಂದ ಬೇಲಿಯ ಕಲ್ಲಿನವರೆಗೆ ನಡೆದು ಅದರ ಗುರುತನ್ನೂ ಮುಟ್ಟಿದಳು. ಇದನ್ನು ನೆಟ್ಟವನ ಕಥೆ ಹೇಳಿ ಎಂದಳು. ಹೇಳಿದೆ. ಗಡಿಯಾರದ ಅಂಗಡಿ, ಬೂಟು, ನೀರು ನುಗ್ಗಿದ ಗಣಿ, ಖಾಲಿ ಪುಟಗಳು, ಬ್ರೆಡ್ಡಿಗೆ ಜಗಳವಾಡಿದ ಅಕ್ಕ. ಇಲ್ಲಿನ ಗಣಿಯೂ ಕೊನೆಗೆ ನೀರಿಗೆ ಸೋತು ಮುಚ್ಚಿದ್ದು, ಒಬ್ಬರೂ ಸಾಯದೆ ಎಲ್ಲರೂ ಮೇಲೆ ಬಂದದ್ದು. ಆಮೇಲೆ ಅವನು ಸ್ಪೇನಿನ ಗಣಿಗಳಲ್ಲಿ ಮಂಡಿ ಸವೆಸಿಕೊಂಡು ಊರಿಗೆ ವಾಪಸ್ಸಾದದ್ದು, ಗಣಿಗಾರರ ಶಾಲೆಯೊಂದರಲ್ಲಿ ನಕ್ಷೆ ಬರೆಯುವುದನ್ನು ಕಲಿಸಿ, ವಯಸ್ಸಾಗಿ ಹಾಸಿಗೆಯಲ್ಲಿ ಸತ್ತದ್ದು.

‘ಆಮೇಲೆ ಅವ್ರ ಅಕ್ಕ ಮಾತಾಡಿದ್ರಾ?’ ಎಂದು ಕೇಳಿದಳು.

‘ನೋಟ್‌ಬುಕ್ಕಿನ ಕೊನೆಯ ಪುಟಗಳಲ್ಲಿ ಅವಳೇ ಅಡುಗೆ ಮಾಡಿ ಹಾಕ್ತಿದ್ದಾಳೆ.’

ಅವರ ಮನೆಗೆ ವಾಪಸ್ ಬಂದೆವು. ಹಿತ್ತಲಿನಲ್ಲಿ ಕೊರೆದ ಗುರುತಿನ ಮೇಲೆ ಹೊಸ ಹುಲ್ಲು ಹಾಸಿದ್ದರು, ಪಕ್ಕದಲ್ಲಿ ಟ್ರ್ಯಾಂಪೊಲಿನ್ ಮಳೆಗೆ ನೆನೆದು ನಿಂತಿತ್ತು. ಮಗು ಅದರ ಹತ್ತಿರ ಹೋಗಿ ಅಮ್ಮನ ಮುಖ ನೋಡಿತು, ನನ್ನ ಮುಖ ನೋಡಿತು. ಹೋದ ಸಲ ಎತ್ತಿಕೊಂಡು ಓಡಿದವಳು ನಾನು. ಅದು ಮರೆತಿರಲಿಲ್ಲ. ಅಮ್ಮ ಹೂಂ ಎನ್ನಲಿಲ್ಲ, ಉಹೂಂ ಎನ್ನಲಿಲ್ಲ.

ನಾನು ಚಪ್ಪಲಿ ಬಿಟ್ಟೆ. ಕುರ್ತಾದ ಅಂಚನ್ನು ಜೀನ್ಸಿಗೆ ಸಿಕ್ಕಿಸಿಕೊಂಡೆ. ಏಣಿ ಹತ್ತಿ ಮೇಲೆ ಹೋಗಿ, ನಡುಮಧ್ಯದಲ್ಲಿ ನಿಂತು, ಒಂದು ಸಲ ಹಾರಿದೆ. ಕೆಳಗೆ ಬಂದೆ. ನೆಲ ಅಲ್ಲೇ ಇತ್ತು. ಇನ್ನೊಮ್ಮೆ ಹಾರಿದೆ, ಇನ್ನೂ ಜೋರಾಗಿ. ಕೋಲಾರದ ಗಣಿಗೆ ಇಳಿಯಲು ಬಿಡದ ಹುಡುಗಿ ವಿಕ್ಲೋದಲ್ಲಿ ಮೇಲಕ್ಕೆ ಹಾರುತ್ತಿದ್ದಳು. ಮಂಡಿ ನೋಯುತ್ತಿತ್ತು, ಕಣ್ಣಲ್ಲಿ ನೀರು ಬರುತ್ತಿತ್ತು, ನಗುವೂ ಬರುತ್ತಿತ್ತು. ಈ ಸಲ ಕಣ್ಣು ತೆರೆದೇ ಹಾರಿದೆ.

ಮಗು ತಡೆಯಲಾರದೆ ಹತ್ತಿಕೊಂಡಿತು. ‘ಯು ಆರ್ ಗ್ರ್ಯಾಂಡ್, ಆಂಟಿ!’ ಎಂದು ನನ್ನ ಕೈ ಹಿಡಿದು ಹಾರತೊಡಗಿತು. ನಾವಿಬ್ಬರೂ ಎಷ್ಟು ಹೊತ್ತು ಹಾರಿದೆವೋ, ಅಡುಗೆಮನೆಯ ಬಾಗಿಲಿನಿಂದ ಸೌಟು ಹಿಡಿದ ಕೈಯೊಂದು ಹೊರಬಂತು.

‘ಸಾಕು ಇಳೀರಿ ಅಕ್ಕಾ. ಊಟ ಮಾಡ್ಕೊಂಡೇ ಹೋಗ್ಬೇಕು, ಸಾರು ಆರ್ತಾ ಇದೆ.’